ಬಾಗಲಕೋಟೆಯಲ್ಲಿ ಒಂದು ದಿನ: ಮುಳುಗಿದ ಪೇಟೆ, ಬೆಳೆದ ನವನಗರ

ಘಟಪ್ರಭಾ ನದಿಯ ದಂಡೆಯಲ್ಲಿರುವ ಬಾಗಲಕೋಟೆ ಒಂದೇ ಹೆಸರಿನ ಎರಡು ಊರು. ನದಿಗೆ ಹತ್ತಿಕೊಂಡ ಹಳೆಯ ಪೇಟೆ ಒಂದು. ಅಲ್ಲಿಂದ ಕೆಲವು ಕಿಲೋಮೀಟರ್ ದೂರದ ಎತ್ತರದ ಬಯಲಿನಲ್ಲಿ ನಕ್ಷೆ ಬರೆದು, ಸೆಕ್ಟರ್ ಸೆಕ್ಟರಾಗಿ ಕಟ್ಟಿದ ನವನಗರ ಇನ್ನೊಂದು. ಎರಡರ ನಡುವೆ ಕಾಲೇಜುಗಳ ವಿದ್ಯಾಗಿರಿ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಊರಿನ ತಗ್ಗಿನ ಭಾಗವನ್ನು ನುಂಗಿದ್ದರಿಂದ ಈ ಸ್ಥಿತಿ ಬಂದಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಹೊರಟ ಪ್ರವಾಸಿಗರಲ್ಲಿ ಹೆಚ್ಚಿನವರು ಬಾಗಲಕೋಟೆಯನ್ನು ಬಸ್ಸು ಬದಲಿಸುವ ಜಾಗವೆಂದಷ್ಟೇ ನೋಡುತ್ತಾರೆ. ಆದರೆ ಒಂದು ಊರು ಹೇಗೆ ಸ್ಥಳ ಬಿಟ್ಟು ಮತ್ತೊಂದು ಸ್ಥಳದಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದೇ ದಿನದಲ್ಲಿ ಕಣ್ಣಾರೆ ಕಾಣಲು ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಸುತ್ತಾಟ ಹಳೆಯ ಊರಿನಿಂದಲೇ ಶುರುವಾಗಬೇಕು, ಅದೂ ಬೆಳಿಗ್ಗೆ. ರೈಲು ನಿಲ್ದಾಣ ಇರುವುದು ಈ ಕಡೆಗೇ. ಗದಗ–ಹೋಟಗಿ ಮಾರ್ಗದ ಈ ನಿಲ್ದಾಣ 19ನೆಯ ಶತಮಾನದ ಕೊನೆಯ ಭಾಗದಿಂದ ಊರಿನ ವ್ಯಾಪಾರವನ್ನು ಸೊಲ್ಲಾಪುರ, ಹುಬ್ಬಳ್ಳಿಗಳಿಗೆ ಜೋಡಿಸಿದೆ. ನಿಲ್ದಾಣದಿಂದ ಪೇಟೆಯ ಕಡೆ ನಡೆದರೆ ರಸ್ತೆ ಕಿರಿದಾಗುತ್ತಾ ಹೋಗುತ್ತದೆ. ವಲ್ಲಭಭಾಯಿ ಚೌಕದ ಸುತ್ತಮುತ್ತ ಬಟ್ಟೆ ಅಂಗಡಿ, ಕಿರಾಣಿ, ಪಾತ್ರೆ, ಬಂಗಾರದ ಅಂಗಡಿಗಳು ಒತ್ತೊತ್ತಾಗಿ ನಿಂತಿವೆ. ಇಳಕಲ್ ಸೀರೆಯೂ ಗುಳೇದಗುಡ್ಡದ ಖಣವೂ ಒಟ್ಟಿಗೆ ಸಿಗುವ ಮಾರುಕಟ್ಟೆ ಇದು. ಮದುವೆಯ ಹಂಗಾಮಿನಲ್ಲಿ ಸುತ್ತಲ ಹಳ್ಳಿಗಳ ಜನ ಜವಳಿ ಕೊಳ್ಳಲು ಇಲ್ಲಿಗೇ ಬರುತ್ತಾರೆ. ಜಿಲ್ಲೆಯ ಕಚೇರಿಗಳೆಲ್ಲ ನವನಗರಕ್ಕೆ ಹೋದರೂ ವ್ಯಾಪಾರ ಹಳೆಯ ಪೇಟೆಯನ್ನು ಪೂರ್ತಿ ಬಿಟ್ಟಿಲ್ಲ. ಸರ್ಕಾರ ಕಚೇರಿಯನ್ನು ಆದೇಶದಿಂದ ಸ್ಥಳಾಂತರಿಸಬಲ್ಲದು. ಗಿರಾಕಿಯ ರೂಢಿಗೆ ಆದೇಶ ನಾಟುವುದಿಲ್ಲ.

ಈ ಊರು ಹಳೆಯದು. ಬಾಗಡಗೆ ಎಂಬುದು ಇದರ ಹಿಂದಿನ ಹೆಸರು. ಲಂಕೆಯ ರಾವಣ ತನ್ನ ವಾದ್ಯಗಾರರಿಗೆ ಈ ಊರನ್ನು ಉಂಬಳಿಯಾಗಿ ಕೊಟ್ಟನೆಂಬ ಐತಿಹ್ಯ ಇಲ್ಲಿ ಪ್ರಚಲಿತ. ಇತಿಹಾಸದ ಕಾಲಕ್ಕೆ ಬಂದರೆ ವಿಜಯಪುರದ ಆದಿಲ್‌ಶಾಹಿಗಳು, ಸವಣೂರಿನ ನವಾಬರು, ಪೇಶ್ವೆಗಳು ಒಬ್ಬರಾದ ಮೇಲೊಬ್ಬರು ಇದನ್ನು ಆಳಿದರು. ಪೇಶ್ವೆಗಳ ಕಾಲದಲ್ಲಿ ಇಲ್ಲಿ ನಾಣ್ಯ ಅಚ್ಚುಹಾಕುವ ಟಂಕಸಾಲೆ ಇತ್ತು. 1818ರಲ್ಲಿ ಇಂಗ್ಲಿಷರ ಕೈಗೆ ಬಂದ ಮೇಲೆ ಜಿಲ್ಲಾ ಕೇಂದ್ರದ ಪಟ್ಟ ಮಾತ್ರ ಇದಕ್ಕೆ ಸಿಗಲಿಲ್ಲ. ಘಟಪ್ರಭೆಯ ದಂಡೆಯ ಕಲಾದಗಿ ಜಿಲ್ಲೆಯ ಮುಖ್ಯ ಸ್ಥಳವಾಗಿತ್ತು, 1880ರ ದಶಕದಲ್ಲಿ ಆ ಕಚೇರಿಗಳು ವಿಜಯಪುರಕ್ಕೆ ಹೋದವು. ಬಾಗಲಕೋಟೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಒಂದು ಕಡೆ ಊರು ಮುಳುಗುವ ಭಯ, ಇನ್ನೊಂದು ಕಡೆ ಜಿಲ್ಲಾ ಕೇಂದ್ರವಾಗುವ ಸಂಭ್ರಮ. ಎರಡೂ ಒಂದೇ ಹೊತ್ತಿಗೆ ಬಂದದ್ದರಿಂದಲೇ ನವನಗರ ಅಷ್ಟು ಬೇಗ ಬೆಳೆಯಿತು.

ಹಳೆಯ ಪೇಟೆಯ ಓಣಿಗಳಲ್ಲಿ ನಡೆಯುತ್ತಾ ನದಿಯ ಕಡೆ ಇಳಿದರೆ ಮನೆಗಳ ಸಾಲು ತೆಳ್ಳಗಾಗಿ, ಖಾಲಿ ಜಾಗಗಳು, ಒಡೆದ ಗೋಡೆಗಳು, ಜಾಲಿಯ ಪೊದೆಗಳು ಕಾಣತೊಡಗುತ್ತವೆ. ಅವುಗಳ ಆಚೆ ಹಿನ್ನೀರು. ಮಳೆಗಾಲ ಮುಗಿದು ಜಲಾಶಯ ತುಂಬಿದಾಗ ಇಲ್ಲಿ ನದಿಯೆಂಬುದೇ ಇರುವುದಿಲ್ಲ, ಕಣ್ಣು ಹರಿದಷ್ಟೂ ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ಪಾಯಗಳು ಮೇಲೆದ್ದು ತೋರುತ್ತವೆ, ಯಾವುದು ಪಡಸಾಲೆ, ಯಾವುದು ಅಡುಗೆಮನೆ ಎಂದು ಬಲ್ಲವರು ಇನ್ನೂ ಗುರುತಿಸಬಲ್ಲರು. ಆದ್ದರಿಂದ ಹಳೆಯ ಊರಿನ ಅವಶೇಷ ನೋಡುವವರು ಏಪ್ರಿಲ್–ಮೇ ತಿಂಗಳಲ್ಲಿ ಬರಬೇಕು, ನೀರಿನ ವಿಸ್ತಾರ ನೋಡುವವರು ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಬರಬೇಕು. ಚಳಿಗಾಲದ ಕೊನೆಯಿಂದ ಹಿನ್ನೀರಿನ ಆಳವಿಲ್ಲದ ಅಂಚುಗಳಿಗೆ ರಾಜಹಂಸಗಳು ಬರುತ್ತವೆ. ಹೆರಕಲ್ ಮತ್ತು ಅನಗವಾಡಿಯ ಕಡೆಯ ನೀರಂಚಿನಲ್ಲಿ ಅವುಗಳನ್ನು ಹುಡುಕಿಕೊಂಡು ಹೋಗುವ ಪಕ್ಷಿಪ್ರಿಯರು ಈಚಿನ ವರ್ಷಗಳಲ್ಲಿ ಹೆಚ್ಚಿದ್ದಾರೆ.

ಮುಳುಗಡೆಯ ಕತೆ ಅರ್ಥವಾಗಬೇಕಾದರೆ ಕೃಷ್ಣಾ ಮೇಲ್ದಂಡೆ ಯೋಜನೆಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಈ ಯೋಜನೆಯ ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ್ದು 1964ರ ಮೇ 22ರಂದು. ಅವರು ಪ್ರಧಾನಿಯಾದದ್ದು ಅದಾದ ಕೆಲವೇ ದಿನಗಳಿಗೆ. ಜಲಾಶಯಕ್ಕೆ ಅವರದೇ ಹೆಸರಿದೆ. ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಒಣ ಭೂಮಿಗೆ ನೀರು ಕೊಡುವುದು ಯೋಜನೆಯ ಉದ್ದೇಶ. ಹಣದ ಕೊರತೆ, ರಾಜ್ಯಗಳ ನಡುವಿನ ವ್ಯಾಜ್ಯ ಎರಡೂ ಸೇರಿ ಕಟ್ಟಡದ ಕೆಲಸ ದಶಕಗಳ ಕಾಲ ಎಳೆಯಿತು. ಅಣೆಕಟ್ಟೆಯ ಎತ್ತರ ಎಷ್ಟಿರಬೇಕೆಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2000ನೇ ಇಸವಿಯಲ್ಲಿ ಕೋರ್ಟು 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಆ ಮಟ್ಟದಲ್ಲಿ ಜಲಾಶಯದ ಸಾಮರ್ಥ್ಯ ಸುಮಾರು 123 ಟಿಎಂಸಿ ಅಡಿ.

ಅಣೆಕಟ್ಟೆ ಕೃಷ್ಣೆಗೆ ಅಡ್ಡವಾಗಿದ್ದರೂ ಬಾಗಲಕೋಟೆ ಮುಳುಗಿದ್ದೇಕೆ ಎಂದು ಹೊರಗಿನವರು ಕೇಳುವುದುಂಟು. ಘಟಪ್ರಭೆ ಕೃಷ್ಣೆಯನ್ನು ಸೇರುವುದು ಅಣೆಕಟ್ಟೆಗಿಂತ ಮೇಲೆ, ಚಿಕ್ಕಸಂಗಮದಲ್ಲಿ. ಕೃಷ್ಣೆಯಲ್ಲಿ ನೀರು ನಿಂತಂತೆ ಅದು ಘಟಪ್ರಭೆಯ ಪಾತ್ರದೊಳಗೂ ಹಿಂದಕ್ಕೆ ಏರುತ್ತದೆ. ನದಿಯ ಮಟ್ಟಕ್ಕೆ ಹತ್ತಿರವಿದ್ದ ಪೇಟೆಯ ಓಣಿಗಳು ಹಾಗೆ ಹಿನ್ನೀರಿನ ಪಾಲಾದವು. ಮೊದಲು ತೀರಾ ತಗ್ಗಿನ ಮನೆಗಳು, ಆಮೇಲೆ ಅವುಗಳಿಗಿಂತ ಮೇಲಿನವು, ಹೀಗೆ ಮೀಟರ್ ಲೆಕ್ಕದಲ್ಲಿ ಸ್ಥಳಾಂತರ ನಡೆಯಿತು. ಬಾಗಲಕೋಟೆಯ ಜನ ತಮ್ಮ ಮನೆಯ ಮಟ್ಟವನ್ನು ಇಂದಿಗೂ ‘521ರ ಒಳಗೆ’, ‘523ರ ಒಳಗೆ’ ಎಂದು ಹೇಳುತ್ತಾರೆ. ಸಮುದ್ರಮಟ್ಟದಿಂದ ತಮ್ಮ ಹೊಸ್ತಿಲು ಎಷ್ಟು ಎತ್ತರದಲ್ಲಿದೆ ಎಂಬುದು ಸಾಮಾನ್ಯ ಜನರ ನಾಲಗೆಯ ಮೇಲೆ ಇರುವ ಊರು ಬೇರೆ ಯಾವುದಿದ್ದೀತು?

ಮನೆ ಕಳೆದುಕೊಂಡವರಿಗೆ ಪರಿಹಾರದ ಹಣ ಬಂತು, ನವನಗರದಲ್ಲಿ ನಿವೇಶನ ಬಂತು. ಆದರೆ ಪರಿಹಾರದ ಲೆಕ್ಕ ಗೋಡೆ, ತೊಲೆ, ಜಾಗಗಳನ್ನು ಅಳೆಯುತ್ತದೆ. ನಾಲ್ಕು ತಲೆಮಾರು ಒಂದೇ ಓಣಿಯಲ್ಲಿದ್ದವರ ನೆರೆಹೊರೆಯನ್ನು ಅದು ಅಳೆಯಲಾರದು. ಬಾಡಿಗೆ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಗಳಿಸಿದ್ದ ಸಣ್ಣ ವ್ಯಾಪಾರಿಯ ನಷ್ಟ ಯಾವ ಅಳತೆಪಟ್ಟಿಗೂ ಸಿಗುವುದಿಲ್ಲ. ಮಣ್ಣಿನ ಮಾಳಿಗೆಯ ದೊಡ್ಡ ವಾಡೆಯಲ್ಲಿ ಕೂಡಿ ಬಾಳುತ್ತಿದ್ದ ಅಣ್ಣತಮ್ಮಂದಿರು ನಿವೇಶನ ಹಂಚಿಕೆಯಾದಾಗ ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದ್ದೂ ಉಂಟು. ನವನಗರದ ಅಗಲ ರಸ್ತೆಗಳಲ್ಲಿ ನಡೆಯುವಾಗ ಈ ಮಾತು ನೆನಪಿನಲ್ಲಿರಬೇಕು.

ಹಳೆಯ ಊರಿನಿಂದ ಹೊರಟು ವಿದ್ಯಾಗಿರಿಗೆ ಬಂದರೆ ಗಾಳಿಯೇ ಬೇರೆ. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವಿದ್ಯಾವರ್ಧಕ ಸಂಘದ ಶಿಕ್ಷಣ ಸಂಸ್ಥೆಗಳು ಇಲ್ಲಿವೆ. ಅದರ ಇಂಜಿನಿಯರಿಂಗ್ ಕಾಲೇಜು 1963ರಲ್ಲಿ ಶುರುವಾಯಿತು, ಅಂದರೆ ಆಲಮಟ್ಟಿಯ ಶಂಕುಸ್ಥಾಪನೆಗಿಂತ ಒಂದು ವರ್ಷ ಮೊದಲು. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಸರ್ಕಾರಕ್ಕಿಂತ ಮುಂಚೆ ಶಾಲೆ ಕಾಲೇಜು ಕಟ್ಟಿದವರು ಮಠಗಳು ಮತ್ತು ಇಂಥ ಸಂಘಗಳು. ಬಾಗಲಕೋಟೆ ಮುಳುಗಡೆಯ ಪೆಟ್ಟನ್ನು ತಾಳಿಕೊಂಡದ್ದರಲ್ಲಿ ಈ ಸಂಸ್ಥೆಗಳ ಪಾಲು ದೊಡ್ಡದು. ಪೇಟೆಯ ಅರ್ಧ ಬದುಕು ಅಲುಗಾಡುತ್ತಿದ್ದಾಗ ಎತ್ತರದ ಜಾಗದಲ್ಲಿ ಸಾವಿರಾರು ವಿದ್ಯಾರ್ಥಿಗಳು ಇದ್ದರು, ಅವರ ಹಿಂದೆ ಖಾನಾವಳಿ, ವಸತಿಗೃಹ, ಪುಸ್ತಕದ ಅಂಗಡಿಗಳು ಬೆಳೆದವು.

ವಿದ್ಯಾಗಿರಿ ದಾಟಿದರೆ ನವನಗರ. 1980ರ ದಶಕದಲ್ಲಿ ವಿಶೇಷ ಕಾಯ್ದೆಯ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಹೊಸ ಊರಿನ ಯೋಜನೆಗೆ ಸಲಹೆಗಾರರಾಗಿ ಬಂದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನವಿ ಮುಂಬಯಿಯ ಕಲ್ಪನೆಯನ್ನು ಕೊಟ್ಟವರಲ್ಲಿ ಒಬ್ಬರಾದ ಅವರು, ಸುಮಾರು ಒಂದು ಲಕ್ಷ ಜನ ಇರಬಹುದಾದ ಊರನ್ನು ಇಲ್ಲಿ ಯೋಜಿಸಿದರು. ದೇಶದ ದೊಡ್ಡ ವಾಸ್ತುಶಿಲ್ಪಿಯೊಬ್ಬರು ಕೈಯಾಡಿಸಿದ ಊರು ಇದು ಎಂಬುದು ಅಲ್ಲಿ ಮನೆ ಮಾಡಿದ ಎಷ್ಟೋ ಜನರಿಗೇ ತಿಳಿದಂತಿಲ್ಲ. ಕಟ್ಟಿದ ಊರು ನಕ್ಷೆಯ ಊರನ್ನು ಪೂರ್ತಿ ಹೋಲುವುದಿಲ್ಲ, ಯಾವ ಊರೂ ಹೋಲುವುದಿಲ್ಲ. ಆದರೂ ಸೆಕ್ಟರುಗಳ ಕ್ರಮ, ಮರಗಳ ಸಾಲು, ಪ್ರತಿ ಸೆಕ್ಟರಿಗೆ ಬಿಟ್ಟ ಬಯಲುಜಾಗ ಇವು ಯೋಜನೆಯ ಫಲ ಎಂಬುದು ನೋಡಿದ ತಕ್ಷಣ ತಿಳಿಯುತ್ತದೆ.

ಮಧ್ಯಾಹ್ನದ ಊಟಕ್ಕೆ ನವನಗರದ ಯಾವುದಾದರೂ ಖಾನಾವಳಿ ಸಾಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ. ಊಟದ ಮೇಲೆ ನೋಡಬೇಕಾದ್ದು ಜಿಲ್ಲಾಡಳಿತ ಭವನದ ಸುತ್ತಲಿನ ಭಾಗ ಮತ್ತು ಉದ್ಯಾನಗಿರಿಯಲ್ಲಿರುವ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ. 2008ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯಕ್ಕೆ ಬಾಗಲಕೋಟೆ ಸರಿಯಾದ ಜಾಗ. ಜಿಲ್ಲೆಯಲ್ಲಿ ದಾಳಿಂಬೆ, ದ್ರಾಕ್ಷಿ, ಚಿಕ್ಕು, ನಿಂಬೆ ಬೆಳೆಯುವ ರೈತರು ಬಹಳ, ಕಲಾದಗಿಯ ಚಿಕ್ಕು ಮತ್ತು ದಾಳಿಂಬೆಗೆ ಮೊದಲಿನಿಂದಲೂ ಹೆಸರು. 2002ರಲ್ಲಿ ಶುರುವಾದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜೂ ನವನಗರದಲ್ಲಿದೆ. ಮೊದಲು ದೊಡ್ಡ ಕಾಯಿಲೆಗೆ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಓಡುತ್ತಿದ್ದ ಸುತ್ತಲಿನ ಜನಕ್ಕೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ನವನಗರದ ಕೊರತೆಯನ್ನೂ ಹೇಳಬೇಕು. ಅಗಲವಾದ ರಸ್ತೆ ಬೇಸಿಗೆಯ ನಡುಹಗಲಿನಲ್ಲಿ ನಡೆಯುವವನಿಗೆ ನೆರಳು ಕೊಡುವುದಿಲ್ಲ. ಹಳೆಯ ಓಣಿಯಲ್ಲಿ ಎದುರುಬದುರು ಮನೆಗಳ ನೆರಳೇ ದಾರಿಯನ್ನು ತಂಪಾಗಿಡುತ್ತಿತ್ತು, ಕಟ್ಟೆಯ ಮೇಲೆ ಕೂತು ಮಾತಾಡುವುದಕ್ಕೆ ಜಾಗವಿತ್ತು. ಹೊಸ ಊರಿನಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಚೇರಿಗೆ ವಾಹನ ಬೇಕು. ಕೆಲವು ಸೆಕ್ಟರುಗಳಲ್ಲಿ ನಿವೇಶನಗಳು ಬಹಳ ವರ್ಷ ಖಾಲಿ ಉಳಿದವು. ಒಳ್ಳೆಯ ನೀರು, ಚರಂಡಿ, ಬೆಳಕು ಸಿಕ್ಕಿತೆಂಬುದು ನಿಜ. ಆದರೆ ಸಂಜೆ ಹೊತ್ತಿನ ಗದ್ದಲಕ್ಕಾಗಿ ಜನ ಇನ್ನೂ ಹಳೆಯ ಪೇಟೆಯ ಕಡೆಗೇ ತಿರುಗುತ್ತಾರೆ. ನಕ್ಷೆ ಬರೆದು ಊರಿನ ದೇಹ ಕಟ್ಟಬಹುದು, ಒಡನಾಟಕ್ಕೆ ಇನ್ನೂ ಒಂದೆರಡು ತಲೆಮಾರು ಬೇಕಾಗುತ್ತದೆ.

ಆ ಒಡನಾಟ ತುಂಬಿ ಕಾಣುವುದು ಹೋಳಿ ಹುಣ್ಣಿಮೆಯಲ್ಲಿ. ಬಾಗಲಕೋಟೆಯ ಹೋಳಿ ಉತ್ತರ ಕರ್ನಾಟಕಕ್ಕೆಲ್ಲ ಹೆಸರಾದದ್ದು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳು ತಮ್ಮ ತಮ್ಮ ಪಾಳಿಯಂತೆ ಬಣ್ಣದ ಬಂಡಿ ಹೂಡುತ್ತವೆ. ಬಂಡಿಗಳ ಮೇಲೆ ಬಣ್ಣದ ನೀರು ತುಂಬಿದ ಬ್ಯಾರಲ್‌ಗಳು, ಅವುಗಳ ಮುಂದೆ ಹಲಗೆ ಮೇಳ. ಹಬ್ಬಕ್ಕೆ ದಿನಗಳಿರುವಾಗಲೇ ರಾತ್ರಿ ಹಲಗೆಯ ಸದ್ದು ಶುರುವಾಗುತ್ತದೆ. ನವನಗರಕ್ಕೆ ಹೋದ ಮನೆತನಗಳು ಹೋಳಿಗೆ ತಮ್ಮ ಹಳೆಯ ಪೇಟೆಯ ಬಂಡಿಯ ಜೊತೆಗೇ ನಿಲ್ಲುತ್ತವೆ. ವಿಳಾಸ ಸೆಕ್ಟರಿನದು, ಬಣ್ಣ ಮಾತ್ರ ಪೇಟೆಯದು. ಸ್ಥಳಾಂತರವಾದ ಸಮುದಾಯವೊಂದು ತನ್ನ ಗುರುತನ್ನು ಹೇಗೆ ಉಳಿಸಿಕೊಳ್ಳುತ್ತದೆ ಎಂದು ತಿಳಿಯಲು ಈ ಹಬ್ಬಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ.

ಬಾಗಲಕೋಟೆಗೆ ಬಂದದ್ದು ಜಗತ್ತಿನ ಬೇರೆಡೆಯೂ ಬಂದಿದೆ. ಚೀನಾದಲ್ಲಿ ಯಾಂಗ್ಟ್ಸಿ ನದಿಗೆ ಕಟ್ಟಿದ ತ್ರೀ ಗಾರ್ಜಸ್ ಅಣೆಕಟ್ಟೆಯಲ್ಲಿ 2003ರ ಜೂನ್‌ನಲ್ಲಿ ನೀರು ತುಂಬತೊಡಗಿದಾಗ ಫೆಂಗ್‌ಜಿಯೆ, ವುಶಾನ್ ಮುಂತಾದ ಪ್ರಾಚೀನ ಪಟ್ಟಣಗಳ ತಗ್ಗಿನ ಭಾಗಗಳು ಮುಳುಗಿದವು. ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಸ್ಥಳಾಂತರಗೊಂಡರು, ಬೆಟ್ಟದ ಮೇಲ್ಭಾಗದಲ್ಲಿ ಹೊಸ ಪಟ್ಟಣಗಳು ಎದ್ದವು. ಇವತ್ತು ಆ ನದಿಯಲ್ಲಿ ಹಡಗಿನಲ್ಲಿ ಸಾಗುವ ಪ್ರವಾಸಿಗರು ಎತ್ತರದ ಕಟ್ಟಡಗಳನ್ನು ನೋಡುತ್ತಾರೆ, ಅವುಗಳ ಕೆಳಗೆ ಹಳೆಯ ಬೀದಿಗಳು ನೀರಿನಲ್ಲಿವೆ. ಯುನ್‌ಯಾಂಗ್‌ನ ಝಾಂಗ್ ಫೇ ಗುಡಿಯನ್ನು ಅಲ್ಲಿ ಬಿಡಿಸಿ ಬೇರೆಡೆ ಕಟ್ಟಿದರು. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬೇರೆ ದಾರಿ ಹಿಡಿದರು. ನಾರಾಯಣಪುರ ಜಲಾಶಯದ ಹಿನ್ನೀರಿನೊಳಗೆ ಬಂದ ಬಸವಣ್ಣನವರ ಐಕ್ಯ ಮಂಟಪವನ್ನು ಇದ್ದ ಜಾಗದಲ್ಲೇ ಉಳಿಸಿ, ಸುತ್ತಲೂ ಬಾವಿಯಂತೆ ಕಾಂಕ್ರೀಟಿನ ಗೋಡೆ ಎಬ್ಬಿಸಿದರು. ಭಕ್ತರು ಮೆಟ್ಟಿಲಿಳಿದು ಮಂಟಪವನ್ನು ನೋಡುತ್ತಾರೆ, ಗೋಡೆಯ ಹೊರಗೆ ನೀರು ನಿಂತಿರುತ್ತದೆ. ಪವಿತ್ರವಾದ ಜಾಗವನ್ನು ಅದರ ನೆಲದಿಂದ ಕೀಳದೆ ಉಳಿಸಿದ್ದು ಒಳ್ಳೆಯ ತೀರ್ಮಾನ.

ಸಂಜೆಯನ್ನು ಆಲಮಟ್ಟಿಗೆ ಮೀಸಲಿಡಬೇಕು. ಬಾಗಲಕೋಟೆಯಿಂದ ಒಂದು ಗಂಟೆಯೊಳಗಿನ ದಾರಿ. ಅಣೆಕಟ್ಟೆಗೆ 26 ಗೇಟುಗಳಿವೆ, ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವ್ಯಾಟ್. ಮಳೆಗಾಲದಲ್ಲಿ ಗೇಟು ತೆರೆದಾಗ ನೀರಿನ ರಭಸ ನೋಡಲು ಜನ ಮುಗಿಬೀಳುತ್ತಾರೆ. ಉಳಿದ ಕಾಲದಲ್ಲಿ ರಾಕ್ ಗಾರ್ಡನ್ ಮತ್ತು ಇತರ ಉದ್ಯಾನಗಳು, ಕತ್ತಲಾದ ಮೇಲೆ ಸಂಗೀತ ಕಾರಂಜಿ. ಶಾಲೆಯ ಪ್ರವಾಸಗಳು ಇಲ್ಲಿಗೆ ತಪ್ಪದೆ ಬರುತ್ತವೆ. ಬೆಳಿಗ್ಗೆ ಬಾಗಲಕೋಟೆಯ ಹಿನ್ನೀರಿನ ದಂಡೆ, ಸಂಜೆ ಆ ನೀರನ್ನು ತಡೆದ ಗೋಡೆ. ಇವೆರಡನ್ನೂ ಒಂದೇ ದಿನ ನೋಡಿದವರಿಗೆ ಯೋಜನೆಯ ಲಾಭವೂ ಅದರ ಬೆಲೆಯೂ ಒಟ್ಟಿಗೆ ಅರ್ಥವಾಗುತ್ತವೆ. ಶಿಕ್ಷಕರು ಮಕ್ಕಳನ್ನು ಕಾರಂಜಿಗೆ ಮಾತ್ರ ಕರೆತಂದು ಹಿಂದಿರುಗುವುದು ಅರ್ಧ ಪಾಠ.

ಇನ್ನೂ ಒಂದು ದಿನ ಇದ್ದವರಿಗೆ ಸುತ್ತಲ ಊರುಗಳು ಕಾದಿವೆ. ಬಾದಾಮಿಯ ಗುಹೆಗಳಲ್ಲಿ ಮೂರನೆಯದು ಚಾಲುಕ್ಯ ಮಂಗಳೇಶ ಕೊರೆಸಿದ್ದು, ಅದರ ಶಾಸನ ಕ್ರಿ.ಶ. 578ರದು. ಚಾಲುಕ್ಯರ ರಾಜಧಾನಿಯಾದ ಬಾದಾಮಿಯೂ ತನ್ನ ಕಾಲದಲ್ಲಿ ಭರದಿಂದ ಬೆಳೆದ ಹೊಸ ಊರೇ. 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ ಮೇಲೆ ಒಂದು ಶತಮಾನದೊಳಗೆ ಇದರ ಕೀರ್ತಿ ದೂರ ದೂರ ಹಬ್ಬಿತು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ತನ್ನ ಪ್ರವಾಸ ಕಥನದಲ್ಲಿ ವರ್ಣಿಸಿದ್ದಾನೆ. ಐಹೊಳೆಯಲ್ಲಿ ಜನ ಗುಡಿಗಳೊಳಗೇ ಸಂಸಾರ ಹೂಡಿದ್ದ ಕಾಲವೊಂದಿತ್ತು, ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಅಲ್ಲಿ ವಾಸವಿದ್ದವನಿಂದಲೇ. ಪಟ್ಟದಕಲ್ಲು 1987ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಇಳಕಲ್ಲಿನ ಕಡೆ ಹೋಗುವವರು ದಾರಿಯಲ್ಲಿ ಅಮೀನಗಡದ ಕರದಂಟು ಕೊಳ್ಳದೆ ಮುಂದೆ ಹೋಗುವುದಿಲ್ಲ. ಇಳಕಲ್ಲಿನಲ್ಲಿ ನೋಡಬೇಕಾದ್ದು ಸೀರೆಯ ಅಂಗಡಿಯಲ್ಲ, ಕುಣಿಮಗ್ಗ. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸವನ್ನು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು ಮಾಡುತ್ತಾರೆ. ಕೆಂಪು ರೇಷ್ಮೆಯ ಟೋಪತೆನಿ ಸೆರಗು ಈ ಸೀರೆಯ ಗುರುತು. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ್ದರೂ ವಿದ್ಯುತ್ ಮಗ್ಗದ ಅಗ್ಗದ ಸೀರೆಗಳು ಕೈಮಗ್ಗದವನ್ನು ಒತ್ತರಿಸುತ್ತಿವೆ. ಕೊಳ್ಳುವವರು ಕೈಮಗ್ಗದ್ದೋ ಎಂದು ಕೇಳಿ ಕೊಂಡರೆ ನೇಕಾರರಿಗೆ ನಾಲ್ಕು ಕಾಸು ಉಳಿಯುತ್ತದೆ.

ಬಾಗಲಕೋಟೆಯ ಸ್ಥಳಾಂತರ ಇನ್ನೂ ಮುಗಿದಿಲ್ಲ. 2010ರ ಡಿಸೆಂಬರ್‌ನಲ್ಲಿ ಬ್ರಿಜೇಶ್ ಕುಮಾರ್ ಅಧ್ಯಕ್ಷತೆಯ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕರ್ನಾಟಕಕ್ಕೆ ಅನುಮತಿ ಕೊಟ್ಟಿತು. ನೆರೆರಾಜ್ಯಗಳ ತಕರಾರು, ಸುಪ್ರೀಂ ಕೋರ್ಟಿನ ವ್ಯಾಜ್ಯಗಳಿಂದಾಗಿ ಅದು ಜಾರಿಗೆ ಬರುವುದು ತಡವಾಗಿದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯದಾದರೆ 40 ಲಕ್ಷ, ಒಣ ಬೇಸಾಯದ್ದಾದರೆ 30 ಲಕ್ಷ ರೂಪಾಯಿ ಪರಿಹಾರ ಕೊಡಲು ತೀರ್ಮಾನಿಸಿತು. ನೀರು ಆ ಮಟ್ಟಕ್ಕೆ ಏರಿದರೆ ಹಳೆಯ ಪೇಟೆಯ ಇನ್ನಷ್ಟು ಓಣಿಗಳು, ಹಲವು ಹಳ್ಳಿಗಳು ಜಾಗ ಬಿಡಬೇಕಾಗುತ್ತದೆ. ಆದ್ದರಿಂದ ಹಳೆಯ ಬಾಗಲಕೋಟೆಯ ಓಣಿಗಳ ನಕ್ಷೆ, ವಾಡೆಗಳ ಛಾಯಾಚಿತ್ರ, ಕೆತ್ತನೆಯ ಬಾಗಿಲು ಕಂಬಗಳು, ಹಿರಿಯರ ನೆನಪಿನ ಮಾತುಗಳು ಇವನ್ನೆಲ್ಲ ಈಗಲೇ ಕೂಡಿಸಿ ಇಡಬೇಕು. ಈ ಕೆಲಸವನ್ನು ಜಿಲ್ಲಾಡಳಿತ, ಕಾಲೇಜುಗಳು ಮತ್ತು ಊರಿನ ಹಳೆಯ ಮನೆತನಗಳು ಸೇರಿ ಕೈಗೆತ್ತಿಕೊಳ್ಳಲಿ. ಬಾದಾಮಿಗೆ ಹೊರಟವರೂ ತಮ್ಮ ಪ್ರವಾಸದಲ್ಲಿ ಒಂದು ಹಗಲನ್ನು ಈ ಊರಿಗಾಗಿ ಇಟ್ಟುಕೊಳ್ಳಲಿ.